ಮನೆಗೆ ಸ್ಲೋ ಜ್ಯೂಸರ್ ತಗೊಳ್ಳಬೇಕು, ಏನು ನೋಡಿ ಆರಿಸೋದು?

ಮೈಸೂರು ಮನೆ
ಎಲ್ಲರಿಗೂ ನಮಸ್ಕಾರ. ನಾವು ಮೈಸೂರಿನವರು, ಮನೆಯಲ್ಲಿ ಐದು ಜನ. ಅತ್ತೆಗೆ ಬೆಳಿಗ್ಗೆ ಕ್ಯಾರೆಟ್, ಬೀಟ್‌ರೂಟ್ ಜ್ಯೂಸ್ ಅಭ್ಯಾಸ. ಈಗ ಮಿಕ್ಸಿಯಲ್ಲಿ ರುಬ್ಬಿ ಬಟ್ಟೆಯಲ್ಲಿ ಹಿಂಡಿ ಕೊಡುತ್ತಿದ್ದೇನೆ. ಕೈ, ಬಟ್ಟೆ, ಸಿಂಕ್ ಎಲ್ಲಾ ಕೆಂಪು. ಆಫೀಸಿಗೆ ಹೊರಡುವ ಹೊತ್ತಿನಲ್ಲಿ ಇದು ನಿಜಕ್ಕೂ ಕಷ್ಟ. ಮಾವನವರಿಗೆ ಶುಗರ್ ಇದೆ. ಅವರಿಗೆ ಹಾಗಲಕಾಯಿ, ಸೋರೆಕಾಯಿ ಜ್ಯೂಸ್ ಕೊಡಿ ಅಂತ ನೆಂಟರು ಹೇಳುತ್ತಿದ್ದಾರೆ.

ಅದಕ್ಕೇ ನಿಧಾನವಾಗಿ ತಿರುಗಿ, ಒತ್ತಿ ರಸ ತೆಗೆಯುವ ಸ್ಲೋ ಜ್ಯೂಸರ್ ನೋಡುತ್ತಿದ್ದೇವೆ. ಬಜೆಟ್ 15 ಸಾವಿರದ ಒಳಗೆ. ಅಂಗಡಿಗೆ ಹೋದರೆ ಒಬ್ಬರು ಆರ್‌ಪಿಎಂ (ನಿಮಿಷಕ್ಕೆ ಎಷ್ಟು ಸುತ್ತು) ನೋಡಿ ಅಂತಾರೆ, ಇನ್ನೊಬ್ಬರು ವಾಟ್ ನೋಡಿ ಅಂತಾರೆ. ನಿಂತ ಮಾದರಿಯಾ, ಮಲಗಿದ ಮಾದರಿಯಾ? ತೊಳೆಯೋದು ಎಷ್ಟು ಕಷ್ಟ? ಬಳಸುತ್ತಿರುವವರು ದಯವಿಟ್ಟು ಹೇಳಿ.

ತೋಟದ ದಾರಿ
ಬ್ರಾಂಡ್ ಆಮೇಲೆ ನೋಡೋಣ ಮೇಡಂ. ಮೊದಲು ಏನು ಹಿಂಡುತ್ತೀರಿ ಅನ್ನೋದು ಮುಖ್ಯ.

ಕ್ಯಾರೆಟ್, ಬೀಟ್‌ರೂಟ್, ಸೇಬು, ದಾಳಿಂಬೆ, ಮೂಸಂಬಿ ಜಾಸ್ತಿ ಇದ್ದರೆ ನಿಂತ ಮಾದರಿ ಸರಿ. ಮೇಲಿಂದ ಹಾಕಿದರೆ ತಾನೇ ಕೆಳಗೆ ಎಳೆದುಕೊಳ್ಳುತ್ತದೆ, ಜಾಗವೂ ಕಡಿಮೆ ಸಾಕು. ಪಾಲಕ್, ಪುದೀನ, ಗೋಧಿಹುಲ್ಲು, ನುಗ್ಗೆಸೊಪ್ಪು ಜಾಸ್ತಿ ಇದ್ದರೆ ಮಲಗಿದ ಮಾದರಿ ಒಳ್ಳೆಯದು. ಸೊಪ್ಪನ್ನು ಒತ್ತಿ ಒತ್ತಿ ಹಿಂಡುತ್ತದೆ, ನಾರು ಸುತ್ತಿಕೊಳ್ಳೋದು ಕಡಿಮೆ. ಆದರೆ ಅದರ ಬಾಯಿ ಚಿಕ್ಕದು, ಎಲ್ಲವನ್ನೂ ಸಣ್ಣಗೆ ಹೆಚ್ಚಬೇಕು.

ನೀವು ಹೇಳಿದ ಬಳಕೆಗೆ ನಿಂತ ಮಾದರಿಯೇ ಸಾಕು.

ಗಾಂಧಿಬಜಾರ್
ಬಟ್ಟೆಯಲ್ಲಿ ಹಿಂಡೋದೇ ಸರಿ. ಹಳೇ ಮಲ್ಲು ಪಂಚೆ ತುಂಡು ಇದ್ದರೆ ಸಾಕು. 15 ಸಾವಿರ ಸುಮ್ನೆ ದಂಡ.

ಮೈಸೂರು ಮನೆ
@ಗಾಂಧಿಬಜಾರ್ ನಿಮ್ಮ ಮನೆಯಲ್ಲಿ ದಿನಾ ಯಾರು ಹಿಂಡುತ್ತಾರೆ ಸರ್?

ಗಾಂಧಿಬಜಾರ್
ನಾನೇ. ಮಿಕ್ಸಿಗೆ ಅರ್ಧ ಲೋಟ ನೀರು ಹಾಕಿ ರುಬ್ಬಿ, ಬಟ್ಟೆಯಲ್ಲಿ ಹಿಂಡಿ, ಚರಟಕ್ಕೆ ಇನ್ನೊಂದು ಸಲ ನೀರು ಹಾಕಿ ಹಿಂಡುತ್ತೇನೆ. ರಸ ಪೂರ್ತಿ ಬರುತ್ತದೆ. ದುಡ್ಡು ಉಳಿಯುತ್ತದೆ ಅನ್ನೋದನ್ನು ಯಾರೂ ತಳ್ಳಿಹಾಕಲು ಆಗಲ್ಲ.

ಅಡುಗೆಮನೆ ಕಿಟಕಿ
ನೀರು ಹಾಕಿ ಹಿಂಡಿದ ಮೇಲೆ ಅದು ತೆಳು ರಸ ಆಯಿತಲ್ವಾ ಸರ್? ನೀರೇ ಹಾಕದೆ ಗಟ್ಟಿ ರಸ ಬರಲಿ ಅಂತಲೇ ಜನ ಈ ಯಂತ್ರ ತಗೊಳ್ಳೋದು. ಮನೆಯಲ್ಲಿ ಒಬ್ಬರೇ ಕುಡಿಯೋದಾದರೆ ಬಟ್ಟೆ ಸರಿ. ನಾಲ್ಕು ಲೋಟ ಬೇಕು ಅಂದರೆ ಹಿಂಡುವವರ ಮಣಿಕಟ್ಟು ಹೋಗುತ್ತದೆ. ಆ ಕೆಲಸಕ್ಕೂ ಒಂದು ಬೆಲೆ ಕಟ್ಟಿ.

ಮೋಟರ್ ವೈಂಡಿಂಗ್
ದಾವಣಗೆರೆಯಲ್ಲಿ ಮಿಕ್ಸಿ, ಗ್ರೈಂಡರ್ ರಿಪೇರಿ ಮಾಡುತ್ತೇನೆ. ಈಗೀಗ ಜ್ಯೂಸರ್‌ಗಳೂ ಬರುತ್ತಿವೆ. ವಾಟ್ ವಿಷಯದಲ್ಲಿ ಜನಕ್ಕೆ ತುಂಬಾ ಗೊಂದಲ ಇದೆ, ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಮಿಕ್ಸಿ 750 ವಾಟ್, ಸ್ಲೋ ಜ್ಯೂಸರ್ ಬರೀ 150 ಅಥವಾ 240 ವಾಟ್. ಹಾಗಾದರೆ ಬಲ ಕಡಿಮೆಯಾ ಅಂತ ಕೇಳುತ್ತಾರೆ. ಇಲ್ಲ. ಮಿಕ್ಸಿ ಮೋಟರ್ ನಿಮಿಷಕ್ಕೆ ಸಾವಿರಾರು ಸುತ್ತು ತಿರುಗಿ ಬ್ಲೇಡಿನಿಂದ ಕತ್ತರಿಸುತ್ತದೆ. ಸ್ಲೋ ಜ್ಯೂಸರ್‌ನಲ್ಲಿ ಮೋಟರಿಗೂ ಹಣ್ಣನ್ನು ಒತ್ತಿ ಹಿಂಡುವ ಸ್ಕ್ರೂಗೂ ನಡುವೆ ಗೇರ್ ಇರುತ್ತದೆ. ವೇಗ ಇಳಿದಷ್ಟೂ ತಿರುಚುವ ಬಲ ಏರುತ್ತದೆ. ಕೈಯಲ್ಲಿ ಹಿಡಿದರೂ ನಿಲ್ಲದಷ್ಟು ಬಲ ಇರುತ್ತದೆ, ಅದಕ್ಕೇ ಮಕ್ಕಳ ಕೈ ಹತ್ತಿರ ಬರಬಾರದು. ಮುಚ್ಚಳ ಸರಿಯಾಗಿ ಕೂರದೆ ಓಡದಂತೆ ಒಳಗೆ ಸ್ವಿಚ್ ಇರೋದೂ ಅದಕ್ಕೇ. ಆ ಸ್ವಿಚ್ ಕೆಟ್ಟರೆ ನೇರ ಜೋಡಿಸಿಕೊಡಿ ಅಂತ ಗಿರಾಕಿಗಳು ಕೇಳುತ್ತಾರೆ. ನಾನು ಮಾಡಿಕೊಡಲ್ಲ.

ಗೇರ್ ಯಾವುದರದು ಅನ್ನೋದು ಮುಖ್ಯ. ಅಗ್ಗದ್ದರಲ್ಲಿ ಒಳಗೆ ಪ್ಲಾಸ್ಟಿಕ್ ಗೇರ್ ಹಾಕಿರುತ್ತಾರೆ. ಹಸಿ ಬೀಟ್‌ರೂಟನ್ನು ದೊಡ್ಡ ದೊಡ್ಡ ತುಂಡು ತುರುಕಿ ಒತ್ತಿದರೆ ಹಲ್ಲು ಮುರಿಯುತ್ತದೆ. ಅಂಗಡಿಯಲ್ಲಿ ಬಿಚ್ಚಿ ನೋಡೋಕೆ ಆಗಲ್ಲ ನಿಜ. ಅದಕ್ಕೇ ಮೋಟರ್ ವಾರಂಟಿಯಲ್ಲಿ ಗೇರ್ ಬಾಕ್ಸ್ ಸೇರಿದೆಯಾ ಅಂತ ಬರಹದಲ್ಲಿ ಕೇಳಿ.

ಇನ್ನೊಂದು. ಸತತ ಎಷ್ಟು ನಿಮಿಷ ಓಡಿಸಬಹುದು ಅಂತ ಯಂತ್ರದ ತಳದಲ್ಲೋ ಕೈಪಿಡಿಯಲ್ಲೋ ಬರೆದಿರುತ್ತದೆ. ಅದನ್ನು ಮೀರಬೇಡಿ. ನನ್ನ ಹತ್ತಿರ ಬರುವ ಸುಟ್ಟ ಮೋಟರ್‌ಗಳಲ್ಲಿ ಹೆಚ್ಚಿನವು ಹಬ್ಬಕ್ಕೋ ಪಾರ್ಟಿಗೋ ನಿಲ್ಲಿಸದೆ ಓಡಿಸಿದವು.

ಲೆಕ್ಕದ ಮಾತು
@ಮೋಟರ್ ವೈಂಡಿಂಗ್ ಚೆನ್ನಾಗಿ ಹೇಳಿದಿರಿ. ಕರೆಂಟ್ ಬಿಲ್ ಬಗ್ಗೆ ಹೆದರುವವರಿಗೆ: 200 ವಾಟ್ ಯಂತ್ರ ಕಾಲು ಗಂಟೆ ಓಡಿದರೆ ಒಂದು ಯೂನಿಟ್‌ನ ಇಪ್ಪತ್ತನೇ ಒಂದು ಭಾಗ. ಯೂನಿಟ್‌ಗೆ 6 ರೂಪಾಯಿ ಅಂತ ಹಿಡಿದರೂ 30 ಪೈಸೆ. ಖರ್ಚು ಇರೋದು ಹಣ್ಣು ತರಕಾರಿಯದ್ದು.

ಹುಬ್ಬಳ್ಳಿ ಮಂದಿ
ಆರ್‌ಪಿಎಂ ಕಡಿಮೆ ಇದ್ದಷ್ಟೂ ಛಲೋ ಅಂತ ಎಲ್ಲಾ ವಿಡಿಯೋದಾಗೂ ಹೇಳ್ತಾರ. 43 ಇರೋದು 60 ಇರೋದಕ್ಕಿಂತ ಛಲೋ ಅಲ್ಲೇನು?

ತೋಟದ ದಾರಿ
ಆ ವ್ಯತ್ಯಾಸ ನಾಲಿಗೆಗೆ ಗೊತ್ತಾಗಲ್ಲ. ಹ್ಯೂರೋಮ್‌ನ ಒಂದು ಹೆಸರಾದ ಮಾದರಿ 43ರಲ್ಲಿ ತಿರುಗುತ್ತದೆ, ಕುವಿಂಗ್ಸ್‌ನದ್ದು 60ರಲ್ಲಿ. ಎರಡೂ ದಕ್ಷಿಣ ಕೊರಿಯಾದ ಕಂಪನಿಗಳು, ಎರಡನ್ನೂ ಮೆಚ್ಚುವವರು ಇದ್ದಾರೆ. ಹಣ್ಣಿನ ಬಾಯಿ ಅಗಲ, ರಸ ಸೋಸುವ ಜಾಲರಿಯ ರಚನೆ, ಸ್ಕ್ರೂ ಆಕಾರ ಇವುಗಳಿಂದ ಆಗುವ ವ್ಯತ್ಯಾಸ ದೊಡ್ಡದು. ಹಳೇ ಕಾಲದ ಬ್ಲೇಡ್ ಜ್ಯೂಸರ್ ನಿಮಿಷಕ್ಕೆ 10 ಸಾವಿರ ಸುತ್ತಿಗೂ ಮೇಲೆ ಹೋಗುತ್ತದೆ. ಅದಕ್ಕೆ ಹೋಲಿಸಿದರೆ 43 ಆಗಲಿ 80 ಆಗಲಿ ನಿಧಾನವೇ.

ಜ್ಯೂಸ್ ಪ್ರೇಮಿ
ಬ್ಲೇಡ್ ಜ್ಯೂಸರ್ ಬಿಸಿ ಆಗಿ ಎಂಜೈಮ್ ಎಲ್ಲಾ ಸತ್ತುಹೋಗುತ್ತದೆ. ಸ್ಲೋ ಜ್ಯೂಸರ್‌ನಲ್ಲಿ ಜೀವಂತ ಇರುತ್ತದೆ. ಅದು ತುಂಬಾ ದೊಡ್ಡ ವಿಷಯ.

ಡಯಟ್ ಅಕ್ಕ
ಈ ಎಂಜೈಮ್ ಮಾತು ಎಲ್ಲ ಕಡೆ ಓಡಾಡುತ್ತಿದೆ, ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ. ನಾನು ಆಹಾರ ತಜ್ಞೆ, ಆಸ್ಪತ್ರೆಯಲ್ಲಿ ಕೆಲಸ.

ಹಣ್ಣಿನ ಎಂಜೈಮ್ ಹಣ್ಣಿನ ಕೆಲಸಕ್ಕೆ ಇರೋದು. ಅದು ನಮ್ಮ ಹೊಟ್ಟೆಗೆ ಹೋದ ಮೇಲೆ ಅಲ್ಲಿನ ಆಮ್ಲದಲ್ಲಿ ಬೇರೆ ಪ್ರೋಟೀನಿನ ಹಾಗೇ ಜೀರ್ಣ ಆಗುತ್ತದೆ. ಇನ್ನು ಬಿಸಿಯ ಮಾತು. ಬ್ಲೇಡ್ ಜ್ಯೂಸರ್‌ನಲ್ಲಿ ಹಣ್ಣು ಇರೋದು ಕೆಲವೇ ಸೆಕೆಂಡು. ರಸ ಕುದಿಯುವಷ್ಟು ಬಿಸಿ ಆಗಲ್ಲ. ನಿಜವಾದ ವ್ಯತ್ಯಾಸ ಗಾಳಿಯದು. ವೇಗವಾಗಿ ತಿರುಗಿದಾಗ ರಸಕ್ಕೆ ಗಾಳಿ ಬೆರೆಯುತ್ತದೆ, ನೊರೆ ಬರುತ್ತದೆ, ಬೇಗ ಕಂದಾಗುತ್ತದೆ, ನೀರು ಬೇರೆ ಗಸಿ ಬೇರೆ ಆಗುತ್ತದೆ. ವಿಟಮಿನ್ ಸಿ ಗಾಳಿ ತಾಗಿದರೆ ಕಡಿಮೆಯಾಗುತ್ತಾ ಹೋಗುತ್ತದೆ. ಆದರೆ ಹಿಂಡಿದ ತಕ್ಷಣ ಕುಡಿಯುವವರಿಗೆ ಈ ವ್ಯತ್ಯಾಸ ಅಂಥ ದೊಡ್ಡದಲ್ಲ. ಸ್ಲೋ ಜ್ಯೂಸರ್‌ನ ಲಾಭ ಅಂದರೆ ಸೊಪ್ಪಿನಿಂದ, ಗಟ್ಟಿ ತರಕಾರಿಯಿಂದ ಜಾಸ್ತಿ ರಸ, ಕಡಿಮೆ ನೊರೆ, ಕಡಿಮೆ ಸದ್ದು. ಅಷ್ಟು ಸಾಕಲ್ವಾ? ಅದರ ಮೇಲೆ ಔಷಧದ ಪಟ್ಟ ಕಟ್ಟಬೇಡಿ.

ಈಗ ಶುಗರ್ ಇರುವವರ ವಿಷಯ. ವಿಶ್ವ ಆರೋಗ್ಯ ಸಂಸ್ಥೆ 2015ರ ಮಾರ್ಗಸೂಚಿಯಲ್ಲಿ ಹಣ್ಣಿನ ರಸದ ಸಕ್ಕರೆಯನ್ನು ಬಿಡಿ ಸಕ್ಕರೆಯ, ಅಂದರೆ ಮಿತಿಯಲ್ಲಿಡಬೇಕಾದ ಸಕ್ಕರೆಯ ಲೆಕ್ಕಕ್ಕೇ ಸೇರಿಸಿದೆ. ಇಡೀ ಹಣ್ಣಿನ ಸಕ್ಕರೆಯನ್ನು ಸೇರಿಸಿಲ್ಲ. ನಮ್ಮ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2024ರಲ್ಲಿ ಕೊಟ್ಟ ಆಹಾರ ಮಾರ್ಗಸೂಚಿಯೂ ರಸಕ್ಕಿಂತ ಹಣ್ಣು ತಿನ್ನಿ ಅಂತಲೇ ಹೇಳುತ್ತದೆ. ಕಾಲು ಲೀಟರ್ ಕಿತ್ತಳೆ ರಸದಲ್ಲಿ ಸುಮಾರು 20 ಗ್ರಾಂ ಸಕ್ಕರೆ ಇರುತ್ತದೆ. ಅದಕ್ಕೆ ಮೂರ್ನಾಲ್ಕು ಹಣ್ಣು ಬೇಕು. ಕೂತು ಮೂರ್ನಾಲ್ಕು ಕಿತ್ತಳೆ ಬಿಡಿಸಿ ತಿನ್ನುವವರು ಕಡಿಮೆ, ಕುಡಿಯೋದು ಒಂದೇ ಗುಟುಕು. ಯಂತ್ರ ನಿಧಾನ ಆದ ಮಾತ್ರಕ್ಕೆ ಈ ಸಕ್ಕರೆ ಕಡಿಮೆ ಆಗಲ್ಲ.

ಮಾವನವರಿಗೆ ಕೊಡುವ ಮುಂಚೆ ಅವರ ಡಾಕ್ಟರ್ ಹತ್ತಿರ ಖಂಡಿತ ಕೇಳಿ. ಮಾತ್ರೆ ಅಥವಾ ಇನ್ಸುಲಿನ್ ಜೊತೆ ಹಾಗಲಕಾಯಿ ರಸವೂ ಸೇರಿದರೆ ಸಕ್ಕರೆ ಬೇಕಾದ್ದಕ್ಕಿಂತ ಕೆಳಗೆ ಇಳಿಯುವ ಅಪಾಯ ಇದೆ.

ಜ್ಯೂಸ್ ಪ್ರೇಮಿ
ನಮ್ಮ ಚಿಕ್ಕಪ್ಪ ಹಾಗಲಕಾಯಿ ಜ್ಯೂಸ್ ಕುಡಿದೇ ಶುಗರ್ ಹತೋಟಿಗೆ ತಂದರು. ಕಣ್ಣಾರೆ ಕಂಡದ್ದು. ಎಲ್ಲದಕ್ಕೂ ಮಾರ್ಗಸೂಚಿ ಹಿಡಿದು ಕೂತರೆ ಹೇಗೆ?

ಡಯಟ್ ಅಕ್ಕ
ಚಿಕ್ಕಪ್ಪ ಆರೋಗ್ಯವಾಗಿ ಇರೋದು ಸಂತೋಷ. ಅದೇ ಹೊತ್ತಿನಲ್ಲಿ ಅನ್ನ ಕಡಿಮೆ ಮಾಡಿದರಾ, ನಡೆಯೋಕೆ ಶುರು ಮಾಡಿದರಾ, ಮಾತ್ರೆ ಬದಲಾಯಿತಾ? ಇದೆಲ್ಲ ತಿಳಿಯದೆ ಜ್ಯೂಸ್‌ಗೆ ಪೂರ್ತಿ ಹೆಸರು ಕೊಡೋಕೆ ಆಗಲ್ಲ. ಒಬ್ಬರನ್ನು ನೋಡಿ ಇನ್ನೊಬ್ಬರಿಗೆ ಕೊಡಬೇಡಿ ಅಂತ ಮಾತ್ರ ನನ್ನ ಮಾತು.

ಹಳ್ಳಿ ವೈದ್ಯರ ಮಗಳು
ಎಲ್ಲರೂ ಗಮನಿಸಿ, ಸೋರೆಕಾಯಿ ವಿಷಯ ಯಾರೂ ಎತ್ತಿಲ್ಲ. ಸೋರೆಕಾಯಿ ಕಹಿ ಇದ್ದರೆ ಅದರ ರಸ ವಿಷ. ಕುಕುರ್ಬಿಟಾಸಿನ್ ಅನ್ನೋ ಅಂಶ ಅದಕ್ಕೆ ಕಾರಣ. ವಾಂತಿ, ರಕ್ತವಾಂತಿ, ಬಿಪಿ ಕುಸಿತ ಆಗುತ್ತದೆ. ನಮ್ಮ ದೇಶದಲ್ಲಿ ಸಾವೂ ಆಗಿದೆ, ಐಸಿಎಂಆರ್ ಸಮಿತಿಯೇ ಎಚ್ಚರಿಕೆ ಕೊಟ್ಟಿದೆ. ಯಂತ್ರಕ್ಕೆ ಹಾಕುವ ಮುಂಚೆ ಪ್ರತಿ ಕಾಯಿಯ ಒಂದು ಚೂರು ನಾಲಿಗೆಗೆ ಇಟ್ಟು ನೋಡಿ. ಸ್ವಲ್ಪ ಕಹಿ ಅನ್ನಿಸಿದರೂ ಉಗುಳಿ, ಇಡೀ ಕಾಯಿ ಎಸೆಯಿರಿ. ಜೇನು, ನಿಂಬೆ, ಹಾಗಲಕಾಯಿ ಬೆರೆಸಿದರೆ ಕಹಿ ಎಲ್ಲಿಂದ ಬಂತು ಅಂತ ಗೊತ್ತಾಗಲ್ಲ, ಅದು ಇನ್ನೂ ಅಪಾಯ.

ಕಿಡ್ನಿ ತೊಂದರೆ ಇರುವವರು ಧಾರೆಹುಳಿ ರಸ ಮುಟ್ಟಲೇಬಾರದು. ಕಿಡ್ನಿ ಕಲ್ಲು ಆಗುವವರು ದಿನಾ ಲೋಟಗಟ್ಟಲೆ ಪಾಲಕ್, ಬೀಟ್‌ರೂಟ್ ರಸ ಕುಡಿಯೋದೂ ಬೇಡ, ಕಲ್ಲು ಕಟ್ಟಿಸುವ ಆಕ್ಸಲೇಟ್ ಅಂಶ ಜಾಸ್ತಿ.

ಮೈಸೂರು ಮನೆ
ಅಯ್ಯೋ, ಈ ಸೋರೆಕಾಯಿ ವಿಷಯ ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಈಗಲೇ ಮನೆಯ ಗುಂಪಿಗೆ ಹಾಕಿದೆ. ತುಂಬಾ ಧನ್ಯವಾದ. ಮಾವನವರ ಜ್ಯೂಸ್ ಡಾಕ್ಟರ್ ಹೇಳುವ ತನಕ ಇಲ್ಲ.

ಅಡುಗೆಮನೆ ಕಿಟಕಿ
ಇನ್ನೊಂದು ಸಣ್ಣ ಮಾತು. ಅತ್ತೆಯವರಿಗೆ ಬೀಟ್‌ರೂಟ್ ಕುಡಿದ ಮೇಲೆ ಮೂತ್ರ ಕೆಂಪಾಗಿ ಕಂಡರೆ ಗಾಬರಿ ಬೇಡ. ಕೆಲವರಿಗೆ ಹಾಗೆ ಆಗುತ್ತದೆ, ಬೀಟ್‌ರೂಟ್ ಬಣ್ಣವೇ ಅದು. ಬೀಟ್‌ರೂಟ್ ತಿನ್ನದ ದಿನವೂ ಕೆಂಪಿದ್ದರೆ ಮಾತ್ರ ತೋರಿಸಬೇಕು.

ಕಾಯಿಹಾಲು
ಉಡುಪಿಯಿಂದ. ನಮ್ಮಲ್ಲಿ ಜ್ಯೂಸ್‌ಗಿಂತ ತೆಂಗಿನ ಹಾಲಿಗೇ ಇದು ಹೆಚ್ಚು ಕೆಲಸಕ್ಕೆ ಬರುತ್ತದೆ. ಕಾಯಿ ತುರಿಗೆ ಉಗುರುಬೆಚ್ಚಗಿನ ನೀರು ಬೆರೆಸಿ ಸ್ವಲ್ಪ ಸ್ವಲ್ಪವೇ ಹಾಕಬೇಕು. ದಪ್ಪ ಹಾಲು ಬರುತ್ತದೆ. ಚರಟವನ್ನು ಮತ್ತೆ ನೀರು ಸೇರಿಸಿ ಹಾಕಿದರೆ ಎರಡನೇ ಹಾಲು. ಪಾಯಸಕ್ಕೆ, ಗಸಿಗೆ, ಹಾಲುಬಾಯಿಗೆ ಕೈಯಲ್ಲಿ ಹಿಂಡುವ ಕೆಲಸ ತಪ್ಪಿತು. ಒಣ ಕೊಬ್ಬರಿ ಮಾತ್ರ ಹಾಕಬೇಡಿ, ಸಿಕ್ಕಿಹಾಕಿಕೊಳ್ಳುತ್ತದೆ.

ಪುನರ್ಪುಳಿ ಕಾಲದಲ್ಲಿ ಅದನ್ನೂ ಕೇಳುತ್ತಾರೆ. ಸಿಪ್ಪೆಯನ್ನು ನೀರಿನಲ್ಲಿ ನೆನೆಸಿ ಕಿವುಚಿ ಸೋಸಿದರೆ ಸಾಕು, ಯಂತ್ರ ಬೇಡ.

ಗಾಂಧಿಬಜಾರ್
ತೆಂಗಿನ ಹಾಲಿಗೆ ಆಗುತ್ತದೆ ಅಂದರೆ ಅದು ಬೇರೆ ವಿಷಯ. ನಮ್ಮ ಮನೆಯಲ್ಲಿ ಹಬ್ಬದ ದಿನ ಕಾಯಿಹಾಲು ಹಿಂಡೋದೇ ದೊಡ್ಡ ಕೆಲಸ. ಜಿಡ್ಡು ಹಿಡಿದ ಮೇಲೆ ತೊಳೆಯೋದು ಹೇಗೆ?

ಕಾಯಿಹಾಲು
ಮೊದಲು ಬೆಚ್ಚಗಿನ ನೀರು ಒಂದು ಲೋಟ ಸುರಿದು ಹಾಗೇ ಓಡಿಸಿ. ಆಮೇಲೆ ಬಿಚ್ಚಿ ಪಾತ್ರೆ ಸೋಪು ಹಾಕಿ ಬ್ರಷ್. ಕುದಿಯುವ ನೀರು ಬೇಡ, ರಬ್ಬರ್ ಹಾಳಾಗುತ್ತದೆ.

ನೀಲಿ ದ್ರಾಕ್ಷಿ
ದೇವನಹಳ್ಳಿ ಕಡೆಯವನು. ನಮ್ಮ ಬೆಂಗಳೂರು ನೀಲಿ ದ್ರಾಕ್ಷಿಗೆ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಇದೆ, ರಸಕ್ಕೆ ಅಂತಲೇ ಹೇಳಿಮಾಡಿಸಿದ ಹಣ್ಣು. ಸ್ಲೋ ಜ್ಯೂಸರ್‌ಗೆ ಬೀಜ ಸಮೇತ ಹಾಕಬಹುದಾ? ಒಗರು ಬರುತ್ತದಾ?

ತೋಟದ ದಾರಿ
ಹಾಕಬಹುದು. ಒಂದಿಷ್ಟು ಬೀಜ ಜಜ್ಜಿ ಸ್ವಲ್ಪ ಒಗರು ಬರುತ್ತದೆ. ಕೆಲವರಿಗೆ ಅದೇ ಇಷ್ಟ. ಒಗರು ಬೇಡ ಅಂದರೆ ಬಾಣಲೆಯಲ್ಲಿ ಸ್ವಲ್ಪ ಬಿಸಿ ಮಾಡಿ, ಕಿವುಚಿ, ಸೋಸುವ ಹಳೇ ವಿಧಾನವೇ ರುಚಿ. ದಾಳಿಂಬೆಗೆ ಮಾತ್ರ ಈ ಯಂತ್ರ ನಿಜಕ್ಕೂ ಚೆನ್ನ. ಮಿಕ್ಸಿಯಲ್ಲಿ ಬೀಜ ಪುಡಿಯಾಗಿ ರಸ ಕಹಿ ಆಗುತ್ತದೆ, ಇದರಲ್ಲಿ ಬೀಜ ಬಹುಪಾಲು ಹಾಗೇ ಹೊರಗೆ ಬೀಳುತ್ತದೆ.

ಹುಬ್ಬಳ್ಳಿ ಮಂದಿ
ವಿಜಯಪುರದ ದಾಳಿಂಬೆ ತಂದು ಹಾಕ್ರಿ, ಆಮೇಲೆ ಹೇಳ್ರಿ. ಅದರ ಬಣ್ಣ ನೋಡಿದರೇ ಖುಷಿ ಆಗ್ತದ.

ಮಂಡ್ಯ ರೋಡ್
ಕಬ್ಬಿನ ಹಾಲು ತೆಗೆಯಬಹುದಾ? ನಮ್ಮ ಮನೆಯಲ್ಲಿ ಕಬ್ಬು ಬೇಕಾದಷ್ಟಿದೆ.

ಮೋಟರ್ ವೈಂಡಿಂಗ್
ಬೇಡವೇ ಬೇಡ. ಕಬ್ಬಿಗೆ ಗಾಣವೇ ಬೇಕು. ಸ್ಕ್ರೂ, ಜಾಲರಿ ಎರಡೂ ಒಡೆಯುತ್ತವೆ, ವಾರಂಟಿಯೂ ಸಿಗಲ್ಲ. ಹೆಪ್ಪುಗಟ್ಟಿದ ಹಣ್ಣು, ಐಸ್, ಮಾವಿನ ಓಟೆ, ನೆಲ್ಲಿಕಾಯಿ ಬೀಜ ಇವೂ ಅಷ್ಟೇ. ನೆಲ್ಲಿಕಾಯಿ ಬೀಜ ತೆಗೆದೇ ಹಾಕಬೇಕು.

ಡಯಟ್ ಅಕ್ಕ
ಕಬ್ಬಿನ ಹಾಲಿನಲ್ಲಿ 100 ಮಿಲಿಗೆ 13ರಿಂದ 15 ಗ್ರಾಂ ಸಕ್ಕರೆ ಇದೆ ಅಂತ ಅದೇ ಐಸಿಎಂಆರ್ ಮಾರ್ಗಸೂಚಿ ಹೇಳಿದೆ. ಜಾತ್ರೆಗೆ ಹೋದಾಗ ಒಂದು ಲೋಟ ಕುಡಿಯಿರಿ, ದಿನಾ ಬೇಡ.

ಮಂಡ್ಯ ರೋಡ್
ನಮ್ಮ ಕಡೆ ಗದ್ದೆ ಕೆಲಸ ಮಾಡಿ ಬಂದವರು ಕಬ್ಬು ತಿಂದೇ ದಣಿವಾರಿಸಿಕೊಳ್ಳೋದು ಅಕ್ಕ. ಕೂತು ಕೆಲಸ ಮಾಡುವವರ ಲೆಕ್ಕ ನಮಗೆ ಹೇಳಿದರೆ ಹೇಗೆ?

ಡಯಟ್ ಅಕ್ಕ
ಅದು ನಿಜ, ಮೈಮುರಿದು ದುಡಿಯುವವರ ಲೆಕ್ಕ ಬೇರೆ. ಅಗಿದು ತಿನ್ನೋದು ಕುಡಿಯೋದಕ್ಕಿಂತ ಒಳ್ಳೆಯದು ಕೂಡ.

ಬಾಳೆಗೊನೆ
ಬಾಳೆಹಣ್ಣು, ಮಾವು, ಸಪೋಟ, ಪಪ್ಪಾಯ ಹಾಕಿ ಜ್ಯೂಸ್ ಬರಲಿಲ್ಲ ಅಂತ ಯಂತ್ರ ವಾಪಸ್ ಕಳಿಸುವವರನ್ನು ನೋಡಿದ್ದೇನೆ. ಈ ಹಣ್ಣುಗಳಲ್ಲಿ ತಿರುಳೇ ಎಲ್ಲ. ಇವಕ್ಕೆ ಮಿಕ್ಸಿಯೇ ಸರಿ. ಅಂದರೆ ಸ್ಲೋ ಜ್ಯೂಸರ್ ತಂದರೂ ಮಿಕ್ಸಿ ಬಿಡೋಕೆ ಆಗಲ್ಲ. ಜಾಗ ಇದೆಯಾ ಅಂತ ಮೊದಲು ಅಳೆದು ನೋಡಿ. ಕಟ್ಟೆ ಮೇಲೆ ಇಟ್ಟರೆ ಬಳಸುತ್ತೀರಿ, ಅಟ್ಟಕ್ಕೆ ಹೋದರೆ ಮುಗಿಯಿತು.

ಎಡಿಸನ್ ಕನ್ನಡಿಗ
ನಾನು ನ್ಯೂಜೆರ್ಸಿಯಲ್ಲಿ ಇದ್ದೇನೆ. ಇಲ್ಲಿ ರಿಯಾಯಿತಿಯಲ್ಲಿ ಒಳ್ಳೆಯದು ಸಿಗುತ್ತಿದೆ. ಅಮ್ಮನಿಗೆ ಶಿವಮೊಗ್ಗಕ್ಕೆ ತಗೊಂಡು ಹೋಗೋಣ ಅಂತ ಇದ್ದೇನೆ. ಆಗುತ್ತದಾ?

ಮೋಟರ್ ವೈಂಡಿಂಗ್
ಬೇಡ ಸರ್. ಅಲ್ಲಿ 120 ವೋಲ್ಟ್, 60 ಹರ್ಟ್ಜ್. ಇಲ್ಲಿ 230 ವೋಲ್ಟ್, 50 ಹರ್ಟ್ಜ್. ನೇರ ಹಾಕಿದರೆ ಮೋಟರ್ ಸುಡುತ್ತದೆ. ಟ್ರಾನ್ಸ್‌ಫಾರ್ಮರ್ ಹಾಕಿದರೆ ವೋಲ್ಟ್ ಸರಿಹೋಗುತ್ತದೆ, ಹರ್ಟ್ಜ್ ಬದಲಾಗಲ್ಲ. ಕೆಲವು ಮೋಟರ್‌ಗಳು ಅದರಿಂದ ಬಿಸಿ ಆಗುತ್ತವೆ. ವಾರಂಟಿಯೂ ಇಲ್ಲಿ ನಡೆಯಲ್ಲ. ಶಿವಮೊಗ್ಗದಲ್ಲೇ ಕೊಡಿಸಿ, ಬಿಲ್ ಅಮ್ಮನ ಹೆಸರಲ್ಲೇ ಇರಲಿ.

ಎಡಿಸನ್ ಕನ್ನಡಿಗ
ಸರಿ ಸರ್, ಉಳಿಸಿದಿರಿ. ಅಮ್ಮನಿಗೆ ಕೈ ನೋವು ಇದೆ. ಬಿಚ್ಚಿ ಜೋಡಿಸೋಕೆ ಸುಲಭ ಇರುವುದು ಬೇಕು.

ಅಡುಗೆಮನೆ ಕಿಟಕಿ
ಹಾಗಿದ್ದರೆ ಸಣ್ಣ ತೂತಿನ ಜಾಲರಿ ಇಲ್ಲದ ಮಾದರಿ ನೋಡಿ. ಈಗ ಸೀಳು ಸೀಳು ಇರುವ, ಎರಡೇ ಭಾಗದ ಸೋಸುಕ ಬರುತ್ತಿದೆ. ನಲ್ಲಿ ಕೆಳಗೆ ಹಿಡಿದರೆ ಹೆಚ್ಚಿನದು ಹೋಗುತ್ತದೆ. ಹಳೇ ಮಾದರಿ ಜಾಲರಿಯನ್ನು ಬ್ರಷ್ ಹಿಡಿದು ತಿಕ್ಕಲೇಬೇಕು. ವಯಸ್ಸಾದವರಿಗೆ ಅದು ಕಷ್ಟ. ಅಂಗಡಿಯಲ್ಲಿ ಅಮ್ಮನ ಕೈಯಲ್ಲೇ ಒಮ್ಮೆ ಬಿಚ್ಚಿಸಿ, ಜೋಡಿಸಿಸಿ. ಸೇಲ್ಸ್‌ನವರು ಮಾಡಿ ತೋರಿಸಿದರೆ ಎಲ್ಲವೂ ಸುಲಭವಾಗೇ ಕಾಣುತ್ತದೆ.

ತೊಳೆಯುವ ವಿಷಯ ಎಲ್ಲರೂ ಕೊನೆಗೆ ಕೇಳುತ್ತಾರೆ. ನನ್ನ ಪ್ರಕಾರ ಅದೇ ಮೊದಲು ಬರಬೇಕು. ಜ್ಯೂಸ್ ಮಾಡಿದ ತಕ್ಷಣ ತೊಳೆದರೆ ಐದು ನಿಮಿಷದ ಕೆಲಸ. ಕುಡಿದು, ತಿಂಡಿ ತಿಂದು, ಆಮೇಲೆ ತೊಳೆಯೋಣ ಅಂದರೆ ಕ್ಯಾರೆಟ್ ನಾರು ಒಣಗಿ ಜಾಲರಿಗೆ ಅಂಟಿಕೊಳ್ಳುತ್ತದೆ. ಚರಟ ಹೊರಬರುವ ಕೊಳವೆ ಹತ್ತಿರ ಒಂದು ರಬ್ಬರ್ ಬಿರಟೆ ಇರುತ್ತದೆ. ಅದನ್ನು ಎತ್ತಿ ಒಳಗೆ ತೊಳೆಯದಿದ್ದರೆ ಅಲ್ಲೇ ಬೂಷ್ಟು ಹಿಡಿಯುತ್ತದೆ. ಬೋರ್‌ವೆಲ್ ಗಡಸು ನೀರಿನ ಮನೆಗಳಲ್ಲಿ ಬಿಳಿ ಕಲೆ ಕೂರುತ್ತದೆ, ಆಗಾಗ ನಿಂಬೆರಸ ಬೆರೆಸಿದ ನೀರಿನಲ್ಲಿ ನೆನೆಸಿಡಿ. ಕ್ಯಾರೆಟ್ ಬಣ್ಣಕ್ಕೆ ಸ್ವಲ್ಪ ಅಡುಗೆ ಎಣ್ಣೆ ಸವರಿ ಆಮೇಲೆ ಸೋಪು ಹಾಕಿ.

ಜ್ಯೂಸ್ ಪ್ರೇಮಿ
ಅದಕ್ಕೇ ನಾನು ಭಾನುವಾರ ಒಂದೇ ಸಲ ಮಾಡಿ ಬಾಟಲಿಗೆ ತುಂಬಿ ಫ್ರಿಜ್‌ನಲ್ಲಿ ಇಡೋದು. ಮೂರು ದಿನ ಬರುತ್ತದೆ ಅಂತ ಡಬ್ಬದ ಮೇಲೇ ಬರೆದಿದೆ.

ಡಯಟ್ ಅಕ್ಕ
ದಯವಿಟ್ಟು ಹಾಗೆ ಮಾಡಬೇಡಿ, ಮನೆಯಲ್ಲಿ ಮಕ್ಕಳು, ವಯಸ್ಸಾದವರು ಇದ್ದರಂತೂ ಬೇಡವೇ ಬೇಡ. ನಿಧಾನವಾಗಿ ಹಿಂಡಿದ ಮಾತ್ರಕ್ಕೆ ಸೂಕ್ಷ್ಮಜೀವಿ ಸಾಯಲ್ಲ. ಹಸಿ ತರಕಾರಿಯ ಮಣ್ಣಿನಲ್ಲಿ ಇದ್ದದ್ದು ರಸಕ್ಕೂ ಬರುತ್ತದೆ. ಅಂಗಡಿಯ ಬಾಟಲಿ ರಸ ಹೆಚ್ಚು ದಿನ ಇರಬೇಕಾದರೆ ಬಿಸಿ ಮಾಡಿರುತ್ತಾರೆ ಅಥವಾ ಭಾರೀ ಒತ್ತಡದಲ್ಲಿ ಇಟ್ಟಿರುತ್ತಾರೆ. ನಮ್ಮ ಮನೆಯಲ್ಲಿ ಅದು ಇಲ್ಲ. ಬೇಕಾದರೆ ರಾತ್ರಿಯೇ ತೊಳೆದು ಹೆಚ್ಚಿ ಡಬ್ಬಿಯಲ್ಲಿ ಇಡಿ, ಬೆಳಿಗ್ಗೆ ಹಿಂಡಿ. ಉಳಿದರೆ ತುಂಬಿದ ಬಾಟಲಿಯಲ್ಲಿ ಫ್ರಿಜ್‌ಗೆ, ಮಾರನೇ ದಿನದೊಳಗೆ ಮುಗಿಸಿ.

ತುಮಕೂರು ಟು ಬೆಂಗಳೂರು
ಸರ್ವೀಸ್ ಬಗ್ಗೆ ಯಾರೂ ಹೇಳುತ್ತಿಲ್ಲ. ನಾನು ಆನ್‌ಲೈನ್‌ನಲ್ಲಿ ಒಂದು ತಗೊಂಡೆ, ಹೆಸರು ಬೇಡ. ಜಾಲರಿ ಸೀಳಿತು. ಬಿಡಿ ಭಾಗ ಇಲ್ಲ, ಇಡೀ ಮೇಲ್ಭಾಗ ತಗೊಳ್ಳಿ ಅಂದರು. ಅದರ ಬೆಲೆ ಯಂತ್ರದ ಅರ್ಧ. ಫೋನ್ ಮಾಡಿದಾಗೆಲ್ಲ ದೂರು ಸಂಖ್ಯೆ ಕೊಡುತ್ತಾರೆ, ಯಾರೂ ಬರಲ್ಲ. ಕೊನೆಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸಿದ ಮೇಲೆ ಕಂಪನಿಯವರೇ ಫೋನ್ ಮಾಡಿದರು, ಜಾಲರಿ ಬಂತು. ಬಿಲ್, ವಾರಂಟಿ ಕಾರ್ಡ್, ಫೋಟೋ, ಅವರ ಜೊತೆ ನಡೆದ ಮಾತಿನ ದಾಖಲೆ ಎಲ್ಲ ಇಟ್ಟುಕೊಂಡಿದ್ದರಿಂದ ಆಯಿತು.

ತಗೊಳ್ಳುವ ಮುಂಚೆಯೇ ಕೇಳಿ: ಜಾಲರಿ, ಸ್ಕ್ರೂ, ರಬ್ಬರ್ ಬಿಡಿಯಾಗಿ ಸಿಗುತ್ತವಾ, ಬೆಲೆ ಎಷ್ಟು, ನಮ್ಮ ಊರಲ್ಲಿ ಸರ್ವೀಸ್ ಇದೆಯಾ. ಮೋಟರ್‌ಗೆ 10 ವರ್ಷ ವಾರಂಟಿ ಅಂತ ದೊಡ್ಡದಾಗಿ ಹಾಕಿರುತ್ತಾರೆ. ಮೊದಲು ಹಾಳಾಗೋದು ಜಾಲರಿ, ರಬ್ಬರ್. ಅವಕ್ಕೆ ಎಷ್ಟು ಅನ್ನೋದು ಸಣ್ಣ ಅಕ್ಷರದಲ್ಲಿ ಇರುತ್ತದೆ.

ಲೆಕ್ಕದ ಮಾತು
ಇದಕ್ಕೆ ನೂರಕ್ಕೆ ನೂರು ಒಪ್ಪಿಗೆ. ಆನ್‌ಲೈನ್‌ನಲ್ಲಿ 2 ಸಾವಿರ ಉಳಿಸಿ ಸರ್ವೀಸ್ ಇಲ್ಲದೆ ಒದ್ದಾಡೋದಕ್ಕಿಂತ ಊರಿನ ಅಂಗಡಿ ವಾಸಿ.

ತೋಟದ ದಾರಿ
ಒಪ್ಪಲ್ಲ. ಊರಿನ ಅಂಗಡಿಯವರೂ ಮಾರಿದ ಮೇಲೆ ಕಂಪನಿ ನಂಬರ್ ಕೊಟ್ಟು ಕಳಿಸುತ್ತಾರೆ. ಎಲ್ಲಿ ತಗೊಂಡರೂ ಬಿಡಿ ಭಾಗ ಸಿಗುವ ಕಂಪನಿಯನ್ನೇ ಆರಿಸಬೇಕು.

ಮಲ್ಲೇಶ್ವರ 8ನೇ ಅಡ್ಡರಸ್ತೆ
ವಿಷಯ ಸ್ವಲ್ಪ ಬದಲಿಸುತ್ತೇನೆ. ವಾರಕ್ಕೊಂದು ಸಲ ಕುಡಿಯುವವರು ಯಂತ್ರ ಯಾಕೆ ತಗೊಳ್ಳುತ್ತಾರೆ? ನಮ್ಮಲ್ಲಿ ಈಟ್ ರಾಜಾ ಇದೆ, ಹಣ್ಣಿನ ಚಿಪ್ಪಿನಲ್ಲೇ ಜ್ಯೂಸ್ ಕೊಡುತ್ತಾರೆ, ಪ್ಲಾಸ್ಟಿಕ್ ಲೋಟ ಇಲ್ಲ. ಹಾಪ್‌ಕಾಮ್ಸ್ ಮಳಿಗೆಯಲ್ಲೂ ಒಳ್ಳೆಯ ದ್ರಾಕ್ಷಿ ರಸ ಸಿಗುತ್ತದೆ.

ಗಾಂಧಿಬಜಾರ್
ಇದು ಸರಿಯಾದ ಮಾತು.

ಮೈಸೂರು ಮನೆ
ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ ಸಂಜೆ ಅತ್ತೆಯನ್ನೂ ಕರೆದುಕೊಂಡು ಅಂಗಡಿಗೆ ಹೋಗಿದ್ದೆ. ಅವರ ಕೈಯಲ್ಲೇ ಬಿಚ್ಚಿಸಿ ಜೋಡಿಸಿಸಿದೆ. ಒಂದರ ಮುಚ್ಚಳ ಅವರಿಂದ ತಿರುಗಿಸೋಕೇ ಆಗಲಿಲ್ಲ, ಅದು ಅಲ್ಲೇ ಬಿಟ್ಟೆವು. ನಿಂತ ಮಾದರಿ, ಸೀಳಿನ ಸೋಸುಕ, ಹಿಂದಕ್ಕೆ ತಿರುಗುವ ಬಟನ್ ಇರುವುದು 13 ಸಾವಿರಕ್ಕೆ ಸಿಕ್ಕಿತು. ಗೇರ್ ಬಾಕ್ಸ್ ವಾರಂಟಿ ಬಿಲ್ ಮೇಲೆ ಬರೆಸಿಕೊಂಡೆ. ರಬ್ಬರ್ ಸೆಟ್ ಒಂದು ಈಗಲೇ ಹೆಚ್ಚುವರಿ ತಗೊಂಡೆ. ಬೀಟ್‌ರೂಟ್ ಎಷ್ಟು ದಪ್ಪಕ್ಕೆ ಹೆಚ್ಚಬೇಕು?

ಮೋಟರ್ ವೈಂಡಿಂಗ್
ಡಬ್ಬದ ಮೇಲೆ ಇಡೀ ಹಣ್ಣು ಹಾಕಿ ಅಂತ ಇದ್ದರೂ ಬೀಟ್‌ರೂಟ್, ಕ್ಯಾರೆಟ್ ಬೆರಳು ಗಾತ್ರಕ್ಕೆ ಹೆಚ್ಚಿ. ಒಂದು ತುಂಡು ಒಳಗೆ ಹೋದ ಮೇಲೆ ಇನ್ನೊಂದು. ಶುಂಠಿ, ದಂಟು ಅಡ್ಡಡ್ಡ ಸಣ್ಣಗೆ, ಇಲ್ಲದಿದ್ದರೆ ನಾರು ಸ್ಕ್ರೂಗೆ ಸುತ್ತುತ್ತದೆ. ಗಟ್ಟಿ, ಮೆತ್ತಗಿನದು ಬದಲಿಸಿ ಬದಲಿಸಿ ಹಾಕಿ. ಕೊನೆಗೆ ಒಂದು ಕ್ಯಾರೆಟ್ ತುಂಡು ಹಾಕಿದರೆ ಒಳಗೆ ಉಳಿದದ್ದನ್ನೆಲ್ಲ ತಳ್ಳಿಕೊಂಡು ಬರುತ್ತದೆ. ನಿಂತುಹೋದರೆ ಒತ್ತಬೇಡಿ. ಆಫ್ ಮಾಡಿ, ಹಿಂದಕ್ಕೆ ಕೆಲವು ಸೆಕೆಂಡು ತಿರುಗಿಸಿ, ಮತ್ತೆ ಮುಂದಕ್ಕೆ.

ಬಾಳೆಗೊನೆ
ಚರಟ ಎಸೆಯಬೇಡಿ ಮೇಡಂ. ಕ್ಯಾರೆಟ್ ಚರಟ ಅಕ್ಕಿ ರೊಟ್ಟಿ ಹಿಟ್ಟಿಗೆ ಈರುಳ್ಳಿ, ಸಬ್ಬಸಿಗೆ ಸೊಪ್ಪಿನ ಜೊತೆ ಸೇರಿಸಿ. ಬೀಟ್‌ರೂಟ್‌ದು ಚಪಾತಿ ಹಿಟ್ಟಿಗೆ. ನಾರು ಅದರಲ್ಲೇ ಇರೋದು.

ಅಡುಗೆಮನೆ ಕಿಟಕಿ
ಅಕ್ಕಿ ರೊಟ್ಟಿಗೆ ಹಾಕುವಾಗ ನೀರು ಸ್ವಲ್ಪ ಜಾಸ್ತಿ ಹಿಡಿಯುತ್ತದೆ, ಚರಟ ಒಣ ಇರುತ್ತದಲ್ಲ. ಹಿಟ್ಟು ಬಿರಿದರೆ ಬಿಸಿನೀರು ಚಿಮುಕಿಸಿ ನಾದಿ.

ಹುಬ್ಬಳ್ಳಿ ಮಂದಿ
ಜೋಳದ ರೊಟ್ಟಿಗೆ ಹಾಕಿದ್ರ ಬಡಿಯಾಕ ಬರಂಗಿಲ್ಲ, ಹರೀತದ. ತಾಲಿಪಟ್ಟಿಗೆ ಹಾಕ್ರಿ, ಭಾಳ ಛಲೋ ಆಗ್ತದ.